ಮೈಲಾರವ್ವನ ಮೈಗೆ ಹತ್ತಿದ ಅಕ್ಕಿ

ಮೈಲಾರವ್ವನನ್ನು ಅಕ್ಕಿ ಚೀಲ ತೂಗುವ ಕಾಟಾದ ಮೇಲೆ ಹತ್ತಿಸಿದ ದಿನ ನಾನು ಅಲ್ಲೇ ಇದ್ದೆ. ಇದ್ದೆ ಅಂದರೆ ಸಾಲದು, ಅಂಕಿ ಓದಿ ಕಾಗದದ ಮೇಲೆ ಬರೆದುಕೊಂಡವಳೇ ನಾನು. ಎಪ್ಪತ್ತೆಂಟು ಕಿಲೋ ಇನ್ನೂರು ಗ್ರಾಂ. ಈ ಕತೆಯಲ್ಲಿ ಬೈಸಿಕೊಳ್ಳಬೇಕಾದವರು ನಾಲ್ಕಾರು ಮಂದಿ ಇದ್ದಾರೆ. ಆ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿಕೊಂಡೇ ಓದಬೇಕು.

ನಾನು ಮಂಜುಳಾ. ಕುಂದಗೋಳ ತಾಲೂಕು, ಕುಬಿಹಾಳದ ಕಡೆಯ ಒಂದು ಸಣ್ಣ ಊರಿನ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಊರ ಹೆಸರು ಬರೆಯುವುದಿಲ್ಲ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕು. ಇಪ್ಪತ್ಮೂರು ಮಕ್ಕಳು, ಐದು ತರಗತಿ, ಒಬ್ಬಳೇ ಶಿಕ್ಷಕಿ. ಪಾಠ ನಾನೇ, ದಫ್ತರ ನಾನೇ, ಗಂಟೆ ಬಾರಿಸುವವಳೂ ನಾನೇ. ಬಿಸಿಯೂಟದ ಅಡಿಗೆ ಮಾತ್ರ ಮೈಲಾರವ್ವನದು.

ಮೈಲಾರವ್ವನಿಗೆ ಮೂವತ್ತೆಂಟು ವರ್ಷ. ಗಂಡ ಗುಡದಪ್ಪ ಗುಡಗೇರಿಯ ಕಾಳಿನ ಅಂಗಡಿಗಳಲ್ಲಿ ಚೀಲ ಹೊರುವ ಹಮಾಲ. ಮಗಳು ರಾಜೇಶ್ವರಿ ಕುಂದಗೋಳದಲ್ಲಿ ಪಿಯುಸಿ ಓದುತ್ತಾಳೆ. ಮನೆ ಊರ ತುದಿಯ ಕೇರಿಯಲ್ಲಿ. ಆರು ವರ್ಷದ ಹಿಂದೆ ಅವಳು ಅಡಿಗೆಗೆ ಸೇರಿದಾಗ ಮೊದಲ ವಾರ ಒಂಬತ್ತು ಮಕ್ಕಳು ಮನೆಯಿಂದ ಡಬ್ಬಿ ತಂದಿದ್ದರು. ಯಾರೂ ಬಾಯಿ ಬಿಟ್ಟು ಏನೂ ಅನ್ನಲಿಲ್ಲ, ಕಾನೂನಿನ ಭಯ. ಅವಳೂ ಏನೂ ಅನ್ನಲಿಲ್ಲ. ತೊಗರಿಬೇಳೆ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಅಡಿಗೆಕೋಣೆಯ ಕಿಟಕಿ ತೆರೆದಿಟ್ಟಳು, ಅಷ್ಟೇ. ಎರಡನೆಯ ವಾರ ಡಬ್ಬಿ ನಾಲ್ಕಾದವು, ಮೂರನೆಯ ವಾರ ಒಂದೂ ಇರಲಿಲ್ಲ. ಕೇರಿಯಿಂದ ಬಂದು ಊರ ಮಕ್ಕಳಿಗೆ ಉಣಬಡಿಸಿದ ಮೊದಲನೆಯವಳು ಅವಳು. ಅವಳ ಕೆಲಸ ಹೋದರೆ ಆ ಒಲೆಯ ಮುಂದೆ ಕೇರಿಯ ಇನ್ನೊಬ್ಬಳು ನಿಲ್ಲುವುದಿಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಎರಡು ವರ್ಷದಿಂದ ಅವಳಿಗೆ ಮೈ ಬರತೊಡಗಿತು. ಬಳೆ ಏರದಾದವು. ಕುಬಸದ ಹೊಲಿಗೆ ಬಿಚ್ಚಿ ಬಿಚ್ಚಿ ಒಳಗಿನ ಅಂಚೇ ಮುಗಿಯಿತು. ನಮ್ಮ ಕಡೆ ಮೈ ಬರುವುದು ತಪ್ಪಲ್ಲ. ಉಂಡದ್ದು ಮೈಗೆ ಹತ್ತಿದೆ ಅಂದರೆ ಅದು ಹೊಗಳಿಕೆ. ಆದರೆ ಆ ಹೊಗಳಿಕೆ ಸಾಹುಕಾರರ ಮನೆ ಸೊಸೆಗೆ. ಹಮಾಲನ ಹೆಂಡತಿಗೆ ಮೈ ಬಂದರೆ ಎಲ್ಲಿಂದ ಬಂತು ಅಂತ ಕೇಳುತ್ತಾರೆ.

“ಏನವಾ ಮೈಲಾರಿ, ಶಾಲಿ ಅಕ್ಕಿ ಚಲೋ ಹತ್ತೇತಲ್ಲ ನಿನಗ!” ಅಂತ ನೀರಿನ ಟಾಕಿಯ ಹತ್ತಿರ ಹೆಂಗಸರು ನಕ್ಕರು. ಮೊದಮೊದಲು ಅವಳೂ ನಕ್ಕಳು.

ಆಮೇಲೆ ಅವಳು ಉಣ್ಣುವುದನ್ನು ಬಿಡುತ್ತಾ ಬಂದಳು. ಮುಂಜಾನೆ ಒಂದು ರೊಟ್ಟಿ, ರಾತ್ರಿ ಅರ್ಧ ರೊಟ್ಟಿ. ಅನ್ನ ಬಿಟ್ಟಳು. ಸೋಮವಾರ ಒಂದೇ ಉಪವಾಸವಿತ್ತು, ಮಂಗಳವಾರವನ್ನೂ ಸೇರಿಸಿಕೊಂಡಳು. ನಸುಕಿನಲ್ಲಿ ಎದ್ದು ಹಳ್ಳದ ತನಕ ನಡೆದು ಬರುತ್ತಿದ್ದಳು. ಗುಡಗೇರಿ ಸಂತೆಯಲ್ಲಿ ಯಾರೋ ಮಾರುತ್ತಿದ್ದ ಸಣ್ಣಾಗುವ ಪುಡಿ ತಂದು ನೆಕ್ಕಿ ಮೂರು ದಿನ ನೀರಿನ ಚೆರಿಗೆ ಹಿಡಿದುಕೊಂಡು ಬಯಲಿಗೆ ಓಡಾಡಿದಳು. ಇಷ್ಟಾದರೂ ಮೈ ಇಳಿಯಲಿಲ್ಲ, ಏರಿತು. ಅದರ ಮೇಲೆ ಇನ್ನೊಂದು ವಿಚಿತ್ರ. ಏಪ್ರಿಲ್ ತಿಂಗಳ ಕುಂದಗೋಳದ ಬಿಸಿಲಲ್ಲಿ, ಉರಿಯುವ ಒಲೆಯ ಮುಂದೆ, ಈ ಹೆಂಗಸು ಗಂಡನ ಸ್ವೆಟರ್ ಹಾಕಿಕೊಂಡು ನಿಲ್ಲುತ್ತಿದ್ದಳು. ಧ್ವನಿ ಒಡೆದು ಗಂಡಸರ ಧ್ವನಿಯಾಗಿತ್ತು. ಸೌಟು ಕೈಯಲ್ಲಿ ಹಿಡಿದೇ ತೂಕಡಿಸುತ್ತಿದ್ದಳು.

ಒಂದು ದಿನ ಊಟದ ಪಾತ್ರೆಗಳನ್ನು ತಿಕ್ಕುತ್ತಾ ಅವಳು ನನ್ನನ್ನು ಕೇಳಿದಳು. “ಅಕ್ಕಾರ, ನಿಮಗ ಅದೇನೋ ಟಾರೋಡು ಐತಂತಲ್ರಿ. ನಮ್ಮ ರಾಜಿ ಮೊಬೈಲದಾಗ ಓದಿ ಹೇಳಿದ್ಲು, ಉಪಾಸ ಇದ್ರೂ ಮೈ ಬರತೈತಂತ ಅದರಾಗ. ನನಗೂ ಅದ ಇರಬೇಕೇನ್ರಿ?”

ನನಗೆ ಒಂಬತ್ತು ವರ್ಷದಿಂದ ಥೈರಾಯ್ಡ್ ಇದೆ. ದಿನಾ ಗುಳಿಗೆ ನುಂಗುತ್ತೇನೆ. ಹಾವಿನ ಹೆಜ್ಜೆ ಹಾವೇ ಬಲ್ಲದು ಅನ್ನುತ್ತಾರೆ; ಅವಳ ಊದಿದ ಮುಖ, ತುದಿ ಉದುರಿದ ಹುಬ್ಬು, ಬೇಸಿಗೆಯ ಸ್ವೆಟರ್ ನೋಡಿ ನಾನು ಆ ಕ್ಷಣಕ್ಕೇ ಹೇಳಬೇಕಿತ್ತು. ನಾನು ಹೇಳಿದ್ದೇನು? “ಮೈಲಾರವ್ವಾ, ಈಗ ಮೈ ಬಂದೋರಿಗೆಲ್ಲಾ ಥೈರಾಯ್ಡ್ ನೆಪ ಆಗೇತಿ. ರಾತ್ರಿ ಊಟ ಕಡಿಮಿ ಮಾಡು.” ಅರ್ಧ ರೊಟ್ಟಿ ಉಣ್ಣುವವಳಿಗೆ ಕಡಿಮೆ ಮಾಡು ಅಂದೆ. ನನಗೆ ಬಂದರೆ ಅದು ರೋಗ, ಅವಳಿಗೆ ಬಂದರೆ ನೆಪ. ಆ ಮಾತು ನೆನೆದಾಗಲೆಲ್ಲ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಜೂನ್ ತಿಂಗಳಲ್ಲಿ ನಗೆ ಹೋಗಿ ಆರೋಪ ಬಂತು. ಶಾಲೆ ಶುರುವಾದ ದಿನ ಶಾಲಾ ಸಮಿತಿಯವರು ಬರುತ್ತಾರೆ ಅಂತ ಸಮಿತಿಯ ಅಧ್ಯಕ್ಷ ಮಡಿವಾಳೆಪ್ಪನೇ ನಿಂತು ಮಿರ್ಚಿ ಭಜಿ ಕರಿಸಿದ್ದ. ತಾನೇ ಒಂದು ತಾಟು ಖಾಲಿ ಮಾಡಿದ್ದ. ಹೀಗಾಗಿ ತಿಂಗಳು ಮುಗಿಯಲು ನಾಲ್ಕು ದಿನ ಇರುವಾಗಲೇ ಎಣ್ಣೆ ಮುಗಿಯಿತು. ಎಣ್ಣೆ ಮುಗಿದದ್ದು ಎಲ್ಲರಿಗೂ ಗೊತ್ತಾಯಿತು, ಭಜಿ ಮಾತ್ರ ಎಲ್ಲರಿಗೂ ಮರೆತುಹೋಯಿತು.

ಜುಲೈ ಸಭೆಯಲ್ಲಿ ಮಡಿವಾಳೆಪ್ಪ ಮಾತು ತೆಗೆದ. ನಲವತ್ತೆರಡರ ಗಂಡಸು, ಹನ್ನೆರಡು ಎಕರೆ ಜಮೀನು, ಹೊಟ್ಟೆ ಅಂಗಿಯ ಗುಂಡಿಯನ್ನು ಜಗ್ಗುತ್ತಿತ್ತು. ಮಗಳು ಐಶ್ವರ್ಯ ನಮ್ಮಲ್ಲೇ ಐದನೆಯ ತರಗತಿ. ಮನುಷ್ಯ ಕೆಟ್ಟವನೇನಲ್ಲ. ಶಾಲೆಯ ಗೋಡೆಗೆ ಬಣ್ಣ ಹಚ್ಚಿಸಿದವನು ಅವನೇ. ಆದರೆ ಒಮ್ಮೆ ಒಂದು ಮಾತು ತಲೆಗೆ ಹೊಕ್ಕರೆ ಹೊರಬೀಳಲು ದಾರಿ ಇಲ್ಲ.

“ಅಕ್ಕಾರ, ಮಂದಿ ಮಾತಾಡಾಕ ಹತ್ತ್ಯಾರ್ರಿ. ಮಕ್ಕಳ ಅನ್ನ ಮಕ್ಕಳ ಹೊಟ್ಟಿಗಿ ಹೋಗವಲ್ದು ಅಂತ. ಆಕೀನ್ನ ನೋಡ್ರಿ, ಮೈಯೇ ಸಾಕ್ಷಿ ಹೇಳಾಕ ಹತ್ತೇತಿ.”

ಮೈಲಾರವ್ವ ಬಾಗಿಲಲ್ಲಿ ನಿಂತಿದ್ದಳು. ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಅದನ್ನೂ ಸಮಿತಿಯವನೊಬ್ಬ ಬಿಡಲಿಲ್ಲ. “ನೋಡ್ರಿ ನೋಡ್ರಿ, ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡ್ರಂತ,” ಅಂತ ನಕ್ಕ.

ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ಯೋಚಿಸಿ ಮಾತಾಡುವವಳಲ್ಲ. “ಆಕಿಗೆ ಥೈರಾಯ್ಡ್ ಐತ್ರಿ!” ಅಂದುಬಿಟ್ಟೆ. ಪರೀಕ್ಷೆ ಮಾಡಿಸಿರಲಿಲ್ಲ, ಏನಿಲ್ಲ. “ಗುಳಿಗಿ ತಗೊಂಡ್ರ ದಸರಾ ಸೂಟಿ ಮುಗಿಯೂದ್ರಾಗ ಇಳೀತಾಳ. ನಾ ಜವಾಬ್ದಾರಿ.”

ಮಡಿವಾಳೆಪ್ಪ ಗದ್ದ ಕೆರೆದುಕೊಂಡ. “ಆತು. ಹಂಗಾದ್ರ ತೂಗೂಣು. ಇವತ್ತೊಮ್ಮೆ, ನಡುವ ಒಮ್ಮೆ, ಸೂಟಿ ಮುಗದ ಮ್ಯಾಲೆ ಒಮ್ಮೆ. ಇಳದ್ಲಂದ್ರ ಇರಲಿ. ಇಳೀಲಿಲ್ಲ, ಬ್ಯಾರೆದಾಕಿನ್ನ ನೋಡೂಣು. ಕಾಟಾ ಹೆಂಗೂ ಐತಲ್ಲ.”

ಹೀಗೆ ನಾನು ಅವಳನ್ನು ಉಳಿಸಲು ಹೋಗಿ ಅವಳ ಕೆಲಸವನ್ನು ಕಾಟಾದ ಮೇಲಿಟ್ಟೆ. ಅಕ್ಕಿ ಚೀಲ ತೂಗಲೆಂದು ಪಂಚಾಯ್ತಿಯವರು ಕೊಟ್ಟ ಕರೆಂಟಿನ ಕಾಟಾ ಅದು. ಮೇಲಿದ್ದ ಚೀಲ ಇಳಿಸಿ ಅವಳನ್ನು ಹತ್ತಿಸಿದರು. ಅವಳು ಚಪ್ಪಲಿ ಬಿಟ್ಟು, ಕಾಲಿನ ಧೂಳು ಒರೆಸಿಕೊಂಡು ಹತ್ತಿದಳು. ಕಿಟಕಿಯಲ್ಲಿ ಮಕ್ಕಳು ಜೋತುಬಿದ್ದಿದ್ದರು. ಕೆಂಪು ಅಂಕಿ ನಿಂತ ಕೂಡಲೇ ಐಶ್ವರ್ಯ ಗಟ್ಟಿಯಾಗಿ ಓದಿದಳು, “ಎಪ್ಪತ್ತೆಂಟು ಬಿಂದು ಎರಡು!” ದಶಾಂಶ ಬಿಂದುವನ್ನು ಆ ವಾರವೇ ನಾನು ಕಲಿಸಿದ್ದೆ. ತಪ್ಪಿಲ್ಲದೆ ಓದಿದ್ದಳು.

ಮಾರನೆಯ ದಿನವೇ ಅವಳನ್ನು ಕುಂದಗೋಳಕ್ಕೆ ಕರೆದುಕೊಂಡು ಹೋಗಿ ರಕ್ತ ಕೊಡಿಸಿದೆ. ರೋಗ ಇರಲಿ ದೇವರೇ ಅಂತ ಬೇಡಿಕೊಂಡವಳು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು. ಮಾತು ಕೊಟ್ಟಾಗಿತ್ತಲ್ಲ.

ರೋಗ ಇತ್ತು, ಬೇಕಾದಷ್ಟು ಇತ್ತು. ಐದರೊಳಗೆ ಇರಬೇಕಾದ ಥೈರಾಯ್ಡ್ ಅಂಕಿ ಅರವತ್ತೆರಡು ಬಂದಿತ್ತು. ಡಾಕ್ಟರು ಕಾಗದ ನೋಡಿ, “ಇಷ್ಟು ದಿವಸ ಹೆಂಗ ನಿಂತು ಅಡಿಗಿ ಮಾಡಿದ್ರಿ?” ಅಂದರು. ಮೈಲಾರವ್ವ ಅಲ್ಲೇ ಅತ್ತುಬಿಟ್ಟಳು. “ಅಂದ್ರ ನಾ ತಿಂದಿಲ್ಲ ಅಂತ ಕಾಗದದಾಗ ಬಂತೇನ್ರಿ?” ಅಂತ ಕೇಳಿದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು ಅಂತ ಡಾಕ್ಟರು ಹೇಳಿದರು. ಹೊರಗೆ ಬಂದ ಮೇಲೆ ನಾನೂ ಹೇಳಿದೆ, “ಖಾಲಿ ಹೊಟ್ಟೀಲೆ, ಮರೀಬ್ಯಾಡ.” ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು, ಮರೆಯಬಾರದು ಅಂತ.

ಆಗಸ್ಟ್ ಪೂರ್ತಿ ನಾವಿಬ್ಬರೂ ಅವಳ ಮೈಯನ್ನೇ ಕಾಯುತ್ತಾ ಕೂತೆವು. ಬೆಳಿಗ್ಗೆ ಬಂದ ಕೂಡಲೇ ಅವಳು ನನ್ನ ಮುಂದೆ ನಿಂತು, “ಸಡ್ಲ ಆಗೇತೇನ್ರಿ ಬಳಿ?” ಅಂತ ಕೈ ಚಾಚುವಳು. ನಾನು ತಿರುಗಿಸಿ ನೋಡುವೆ. ಬಳೆ ತಿರುಗುತ್ತಿರಲಿಲ್ಲ. “ಒಂದೀಟ ಆದಂಗೈತಿ” ಅನ್ನುತ್ತಿದ್ದೆ. ಸುಳ್ಳು.

ಅಡಿಗೆಯೂ ಕೆಡತೊಡಗಿತು. ಮಕ್ಕಳಿಗೆ ಬಡಿಸುವ ಮೊದಲು ಅಡಿಗೆಯವಳು ಒಂದು ತುತ್ತು, ಶಿಕ್ಷಕಿ ಒಂದು ತುತ್ತು ರುಚಿ ನೋಡಿ ವಹಿಯಲ್ಲಿ ಸಹಿ ಮಾಡಬೇಕು, ಅದು ನಿಯಮ. ಮೈಲಾರವ್ವ ತುತ್ತು ಬಾಯಿಗೆ ಇಡುವುದನ್ನೇ ಬಿಟ್ಟಳು. ಸಾರಿನ ಉಪ್ಪನ್ನು ವಾಸನೆಯಿಂದ ಅಳೆಯುತ್ತಿದ್ದಳು. ಒಂದು ದಿನ ಉಪ್ಪೇ ಇಲ್ಲ, ಮರುದಿನ ಬಾಯಿಗಿಡಲಾಗದಷ್ಟು ಉಪ್ಪು. ನಾನು ರೇಗಿದೆ. “ರುಚಿ ನೋಡಾಕ ನಿನಗೇನ್ ಧಾಡಿ?”

“ಕಿಟಕ್ಯಾಗಿಂದ ಯಾರರೆ ನೋಡಿದ್ರ, ಅಕ್ಕಾರ? ಈ ಕಂಪೌಂಡದಾಗ ನಾ ಬಾಯಿ ತೆಗಿಯೂದಿಲ್ರಿ. ನೀರೂ ಮನಿಗಿ ಹೋಗಿ ಕುಡಿತೀನಿ.”

ಮನೆಯಲ್ಲೂ ಸುಖ ಇರಲಿಲ್ಲ. ಗುಡದಪ್ಪ ದಿನಾ ಚೀಲ ಹೊರುವ ಮನುಷ್ಯ, ಮಾತು ಕಡಿಮೆ. ಅಂಗಡಿಯಲ್ಲಿ ಯಾರೋ ಚುಚ್ಚಿರಬೇಕು. ಅವಳು ಅರ್ಧ ರೊಟ್ಟಿ ಮುರಿದುಕೊಂಡು ಕೂತಾಗ ಒಂದು ದಿನ ಕೇಳಿಯೇಬಿಟ್ಟನಂತೆ, “ಖರೆ ಹೇಳ, ಶಾಲ್ಯಾಗ ಉಂಡ ಬಂದಿರ್ತಿ ಏನ?” ಅದನ್ನು ನನಗೆ ಹೇಳುವಾಗ ಅವಳು ಅಳಲಿಲ್ಲ. ಹತ್ತೊಂಬತ್ತು ವರ್ಷ ಬಾಳುವೆ ಮಾಡಿದ ಗಂಡನೂ ಕೇಳಿದ ಮೇಲೆ ಅಳುವುದಕ್ಕೆ ಏನು ಉಳಿಯುತ್ತದೆ?

ಆಗಸ್ಟ್ ಕೊನೆಗೆ ಎರಡನೆಯ ತೂಕ. ಎಪ್ಪತ್ತೊಂಬತ್ತು. ಎಂಟುನೂರು ಗ್ರಾಂ ಏರಿತ್ತು. ಮಡಿವಾಳೆಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. “ಅಕ್ಕಾರ, ನೀವು ಓದಿದೋರು, ನಿಮ್ಮ ಮಾತಿಗಿ ನಾ ಬೆಲಿ ಕೊಟ್ಟೀನಿ. ಇನ್ನೊಮ್ಮೆ ಅಷ್ಟ,” ಅಂದು ಮೋಟರ್ ಸೈಕಲ್ ಹತ್ತಿದ. ಅಂದು ಸಂಜೆ ನನಗೇ ಅನುಮಾನ ಬಂತು. ಗುಳಿಗೆ ನುಂಗುತ್ತಿದ್ದಾಳೆ, ತೂಕ ಏರುತ್ತಿದೆ. ಒಂದು ವೇಳೆ ಜನ ಅನ್ನುವುದೇ ನಿಜವಿದ್ದರೆ? ಹೌದು, ನಾನೂ ಅಂದುಕೊಂಡೆ. ಬರೆಯುತ್ತಿದ್ದೇನೆ ಅಂದ ಮೇಲೆ ಮುಚ್ಚಿಡುವುದೇಕೆ.

ಮತ್ತೆ ಕುಂದಗೋಳ, ಮತ್ತೆ ರಕ್ತ. ಅರವತ್ತೆರಡು ಐವತ್ತೈದಕ್ಕೆ ಇಳಿದಿತ್ತು, ಇಳಿಯದ ಹಾಗೆಯೇ. ಡಾಕ್ಟರು ಹುಬ್ಬು ಗಂಟಿಕ್ಕಿದರು. ಪಕ್ಕದಲ್ಲಿ ಬಿಪಿ ನೋಡುತ್ತಿದ್ದ ನರ್ಸು ಖುಷ್ಬೂ, ಸಣ್ಣ ಹುಡುಗಿ, ಬಾಯಿ ಮಾತ್ರ ಜೋರು. ಅವಳೇ ಕೇಳಿದಳು.

“ಗುಳಿಗಿ ಹೆಂಗ ತಗೋತೀರಿ ಅಕ್ಕಾ?”

“ಖಾಲಿ ಹೊಟ್ಟೀಲೆ ತಂಗಿ. ಒಂದಿನಾನೂ ತಪ್ಪಿಸಿಲ್ಲ.”

“ಏನರ ಜೋಡಿ?”

“ಏನೂ ಇಲ್ಲ. ಬರೇ ಚಾದ ಜೋಡಿ.”

ಖುಷ್ಬೂ ಹಣೆ ಚಚ್ಚಿಕೊಂಡಳು. “ಚಾ ಕುಡದ್ರ ಹೊಟ್ಟಿ ಖಾಲಿ ಹೆಂಗಾತು?”

“ಅಯ್ಯ, ಚಾ ಏನ ಊಟಾನ? ಸ್ವಾಮಾರ ಉಪಾಸದಾಗೂ ಕುಡಿತೀವಲ್ಲ!”

ಅವಳು ಹೇಳಿದ್ದು ನಮ್ಮ ಊರುಗಳ ಮಟ್ಟಿಗೆ ನೂರಕ್ಕೆ ನೂರು ಸರಿ. ನಮ್ಮಲ್ಲಿ ಚಹಾ ಊಟವಲ್ಲ, ತಿಂಡಿಯೂ ಅಲ್ಲ. ಎರಡು ಬಟ್ಟಲು ಚಹಾ ಕುಡಿದು ‘ಮುಂಜಾನಿಂದ ಹೊಟ್ಟಿಗಿ ಏನೂ ಇಲ್ಲ’ ಅನ್ನುವವರೇ ಎಲ್ಲರೂ. ಆ ಚಹಾ, ಅದರೊಳಗಿನ ಹಾಲು, ಗುಳಿಗೆಯನ್ನು ಮೈಗೆ ಹತ್ತಲು ಬಿಟ್ಟಿರಲಿಲ್ಲ. ಒಂಬತ್ತು ವರ್ಷದಿಂದ ಗುಳಿಗೆ ನುಂಗಿ ಒಂದು ತಾಸು ಬಿಟ್ಟು ಚಹಾ ಕುಡಿಯುವ ನನಗೆ ಇದನ್ನು ಬಿಡಿಸಿ ಹೇಳಬೇಕು ಅನ್ನುವುದೇ ಹೊಳೆದಿರಲಿಲ್ಲ. ಏಳು ವಾರ ಮಣ್ಣುಪಾಲು.

“ರಂಜಾನದಾಗ ನಮ್ಮ ರೋಜಾ ನೋಡೀರಿಲ್ಲೋ? ಹಂಗ ಇರಬೇಕ್ರಿ,” ಅಂದಳು ಖುಷ್ಬೂ. “ಚಾ ಇಲ್ಲ, ಹಾಲಿಲ್ಲ, ಎಲಿ ಅಡಿಕಿ ಇಲ್ಲ. ಗುಳಿಗಿ ನುಂಗಾಕ ನೀರೊಂದ. ಆಮ್ಯಾಲೆ ಒಂದ ತಾಸ ಬಾಯಿ ಬಂದ್.”

“ಹಂಗಂದ್ರ ನಿರಂಕಾರ ಅನ್ರಿ!” ಅಂದಳು ಮೈಲಾರವ್ವ, ಚಹಾವನ್ನೂ ಮುಟ್ಟದ ಕಟ್ಟುಪವಾಸದ ಹೆಸರು ಹಿಡಿದು. “ಖಾಲಿ ಹೊಟ್ಟಿ ಖಾಲಿ ಹೊಟ್ಟಿ ಅಂತ ಹೇಳಿದ್ರ ನನಗೇನ ತಿಳೀಬೇಕು? ನಿರಂಕಾರ ಅಂದಿದ್ರ ಚಾದ ಭಾಂಡೆ ಒಲಿಮ್ಯಾಲೆ ಇಡತಿರಲಿಲ್ಲ.”

ಒಂದು ಮಾತು. ಅಷ್ಟೇ ಬೇಕಾಗಿತ್ತು.

ಆದರೆ ನಿಜವಾದ ಪೆಟ್ಟು ಆಮೇಲೆ ಬಿತ್ತು. ಹೊರಡುವಾಗ ನಾನು ಡಾಕ್ಟರನ್ನು ಕೇಳಿದೆ, ಇನ್ನು ಎಂಟು ವಾರದಲ್ಲಿ ಎಷ್ಟು ತೂಕ ಇಳಿಯುತ್ತದೆ ಅಂತ. ಅವರು ತಲೆ ಎತ್ತದೆ ಹೇಳಿದರು, “ಇದು ಸಣ್ಣಾಗೂ ಗುಳಿಗಿ ಅಲ್ರಿ ಟೀಚರ್. ಮೈಯಾಗಿನ ಬಾವು ಇಳದು ಮೂರೋ ನಾಲ್ಕೋ ಕಿಲೋ ಹೋದೀತು. ಉಳಿದದ್ದು ನಿಧಾನ, ವರ್ಷಗಟ್ಟಲೆ. ಕೆಲವೊಬ್ಬರಿಗೆ ಹೋಗೂದ ಇಲ್ಲ. ನಿಮಗ ಹೋಗೇತೇನು?”

ನನಗೆ ಹೋಗಿಲ್ಲ. ಅದು ಯಾರ ಕಣ್ಣಿಗೂ ಕಾಣುವ ವಿಷಯ.

ಬಸ್ಸಿನಲ್ಲಿ ಮೈಲಾರವ್ವ ಕಿಟಕಿಯ ಪಕ್ಕ ಕೂತಳು. ಹೊರಗೆ ಹತ್ತಿ ಹೊಲಗಳು ಹೋಗುತ್ತಿದ್ದವು. ಆಮೇಲೆ ಕೇಳಿದಳು, “ಹಂಗಾದ್ರ ಅಕ್ಕಾರ, ದಸರಾದಾಗ ಇಳೀತಾಳ ಅಂತ ನೀವು ಅವತ್ತ ಅಂದದ್ದು?”

“ಸಿಟ್ಟಿನಾಗ ಅಂದೆ ಮೈಲಾರವ್ವಾ.”

“ನಿಮ್ಮ ಸಿಟ್ಟು, ನನ್ನ ಕೆಲಸಾ,” ಅಂದಳು. ಕಿಟಕಿಯ ಕಡೆ ಮುಖ ತಿರುಗಿಸಿದಳು. ಊರು ಬರುವ ತನಕ ತಿರುಗಲಿಲ್ಲ.

ಮರುದಿನದಿಂದ ಅವಳು ನಿರಂಕಾರ ಹಿಡಿದಳು. ಹಲ್ಲುಜ್ಜಿ, ನೀರಿನಲ್ಲಿ ಗುಳಿಗೆ ನುಂಗಿ, ಒಂದು ತಾಸು ಬಾಯಿ ಮುಚ್ಚಿಕೊಂಡು ಕಸ ಗುಡಿಸುತ್ತಿದ್ದಳು. ಮೂರು ವಾರಕ್ಕೆ ಸ್ವೆಟರ್ ಹೋಯಿತು. ಐದು ವಾರಕ್ಕೆ ನಿಂತು ತೂಕಡಿಸುವುದು ಹೋಯಿತು. ದಸರೆಯ ಹೊತ್ತಿಗೆ ಅವಳ ಧ್ವನಿ ತಿರುಗಿ ಬಂದಿತ್ತು. ಎರಡು ವರ್ಷ ನಾನು ಕೇಳಿಯೇ ಇರದ ಧ್ವನಿ. ರಜೆಯ ಕೊನೆಗೆ ರಕ್ತದ ಅಂಕಿ ಆರಕ್ಕೆ ಬಂತು. ದವಾಖಾನೆಯ ಕಾಟಾದಲ್ಲಿ ತೂಕ ಎಪ್ಪತ್ತೈದೂವರೆ. ಅವಳು ಬದುಕಿದ್ದಳು, ಚೆನ್ನಾಗಿದ್ದಳು, ಮತ್ತು ಊರಿನ ಕಣ್ಣಿಗೆ ಮೊದಲಿನಷ್ಟೇ ದಪ್ಪಗಿದ್ದಳು. ಎಪ್ಪತ್ತೆಂಟರಿಂದ ಎಪ್ಪತ್ತೈದೂವರೆ, ಇದಕ್ಕೆ ಇಳಿದಳು ಅನ್ನುತ್ತಾರೋ ಇಲ್ಲವೋ, ಅದು ಮಡಿವಾಳೆಪ್ಪನ ಬಾಯಲ್ಲಿತ್ತು. ಮೂರು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಶಾಲೆ ಶುರುವಾದ ಎರಡನೆಯ ದಿನ ಹನ್ನೊಂದು ಗಂಟೆಗೆ ಸಮಿತಿ ಬಂತು. ಮಡಿವಾಳೆಪ್ಪ, ಇನ್ನಿಬ್ಬರು ಗಂಡಸರು, ಇಬ್ಬರು ಹೆಂಗಸರು. ಗೇಟಿನ ಹೊರಗೆ ಗುಡದಪ್ಪನೂ ನಿಂತಿದ್ದ, ಅಂದು ಹಮಾಲಿಗೆ ಹೋಗಿರಲಿಲ್ಲ. ಕಾಟಾವನ್ನು ವರಾಂಡದಲ್ಲಿ ಇಟ್ಟಿದ್ದರು. ಒಳಗೆ ಅನ್ನ ಬೇಯುತ್ತಿತ್ತು.

“ಹತ್ತವಾ,” ಅಂದ ಮಡಿವಾಳೆಪ್ಪ.

ಮೈಲಾರವ್ವ ಕೈ ಒರೆಸಿಕೊಂಡು ಹೊರಗೆ ಬಂದಳು. ಚಪ್ಪಲಿ ಬಿಡಲಿಲ್ಲ. “ನಾ ಹತ್ತೂದಿಲ್ರಿ.”

ಇದನ್ನು ಅವಳು ನನಗೂ ಹೇಳಿರಲಿಲ್ಲ.

“ಅಂದ್ರ?”

“ಅಕ್ಕಿ ಕಳುವಾಗೇತಿ ಅಂತೀರಿ. ಅಕ್ಕಿ ತೂಗ್ರಿ. ಬ್ಯಾಳಿ ತೂಗ್ರಿ. ಎಣ್ಣಿ ಪಾಕೀಟ ಎಣಸ್ರಿ. ತತ್ತಿ ಎಣಸ್ರಿ. ನನ್ನ ಮೈ ಏನ ಉಗ್ರಾಣೇನ್ರಿ ತೂಗಿ ನೋಡಾಕ?”

ಧ್ವನಿ ಸ್ಪಷ್ಟವಾಗಿತ್ತು, ಗೇಟಿನ ತನಕ ಹೋಯಿತು. ಹೆಂಗಸರಲ್ಲಿ ಒಬ್ಬಾಕೆ, “ಆಕಿ ಅನ್ನೂದೂ ಖರೆ ಐತಿ, ತೂಗ್ರಿ,” ಅಂದಳು. ತೂಗಿದರು. ಮುಕ್ಕಾಲು ತಾಸು ಹಿಡಿಯಿತು. ಒಂದೊಂದೇ ಚೀಲ ಕಾಟಾದ ಮೇಲೆ ಬಿದ್ದು ಇಳಿಯುವಾಗ ನನ್ನ ಜೀವ ಕೈಯಲ್ಲಿತ್ತು. ಇಲಿ ತಿಂದಿದ್ದರೂ ಅವಳ ತಲೆಗೇ ಬರುತ್ತಿತ್ತು. ಅಕ್ಕಿ ವಹಿಗಿಂತ ಅರ್ಧ ಕಿಲೋ ಕಡಿಮೆ ಬಂತು, ಬೇಳೆ ಸರಿ, ಎಣ್ಣೆ ಸರಿ, ತತ್ತಿ ಸರಿ. ಅರ್ಧ ಕಿಲೋ ಚೀಲದ ತೂತಿನಲ್ಲೇ ಸೋರುತ್ತದೆ ಅನ್ನುವುದು ರೈತರಿಗೆ ಹೇಳಿಕೊಡಬೇಕಿರಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎಲ್ಲರ ಎದುರು ಸೋತ ಗಂಡಸು ಸುಮ್ಮನೆ ಮನೆಗೆ ಹೋಗುವುದುಂಟೇ?

“ಇದ್ದದ್ದು ಸರಿ ಐತಿ ಅನ್ನು,” ಅಂದ ಮಡಿವಾಳೆಪ್ಪ. “ಬೇಯಿಸಿದ ಅನ್ನ ಯಾರು ತೂಗ್ಯಾರ? ಮಾತಂದ್ರ ಮಾತು. ಇಳೀತಾಳ ಅಂತ ಅಕ್ಕಾರ ಅಂದಿದ್ರು, ಹತ್ತು. ಮೈ ಸುಳ್ಳ ಹೇಳೂದಿಲ್ಲ.”

“ಹಂಗೇನ್ರಿ?” ಮೈಲಾರವ್ವ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಕಾಟಾದ ಕಡೆ ಕೈ ತೋರಿಸಿದಳು. “ಹಂಗಾದ್ರ ಮೊದಲ ನೀವು ಹತ್ರಿ ಅಧ್ಯಕ್ಷರ. ನಿಮ್ಮ ಹೊಟ್ಟ್ಯಾಗ ಯಾರ ಮನಿ ಅಕ್ಕಿ ಐತಿ ನೋಡೂಣು.”

ಕಿಟಕಿಯಲ್ಲಿ ಮಕ್ಕಳು ಮತ್ತೆ ಜೋತುಬಿದ್ದಿದ್ದರು. ಕೇರಿಯ ಹೆಂಗಸೊಬ್ಬಳು ಆ ಊರಿನಲ್ಲಿ ಅಂಥ ಮಾತನ್ನು ಅಂಥವನಿಗೆ ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಮಡಿವಾಳೆಪ್ಪನ ಮುಖ ಕೆಂಪಗಾಯಿತು. “ಏ, ನಾಲಿಗಿ ಬಿಗಿಹಿಡದ ಮಾತಾಡ ಬೇ!” ಅಂತ ಎದ್ದ. ಗೇಟಿನ ಹೊರಗಿದ್ದ ಗುಡದಪ್ಪ ಒಳಗೆ ಬಂದ. ಇನ್ನೆರಡು ಮಾತಾಗಿದ್ದರೆ ಕೈ ಕೈ ಮಿಲಾಯಿಸುತ್ತಿದ್ದರು.

ನಾನು ಏನು ಮಾಡುತ್ತಿದ್ದೇನೆ ಅನ್ನುವುದು ನನಗೆ ತಿಳಿಯುವ ಮೊದಲೇ ಚಪ್ಪಲಿ ಬಿಟ್ಟು ಕಾಟಾದ ಮೇಲೆ ಹತ್ತಿದ್ದೆ. ಅಂಕಿ ಓಡಿ ಓಡಿ ನಿಂತಿತು. ಎಂಬತ್ನಾಲ್ಕು ಬಿಂದು ಆರು. ಈ ಸಲ ಐಶ್ವರ್ಯ ಓದಲಿಲ್ಲ. ನಾನೇ ಓದಿದೆ.

ಮಡಿವಾಳೆಪ್ಪ ಗಾಬರಿಯಾದ. ನಿಜವಾದ ಗಾಬರಿ, ನಿಜವಾದ ಮರ್ಯಾದೆ. ಎರಡೂ ಕೈ ಜೋಡಿಸಿಬಿಟ್ಟ. “ಅಕ್ಕಾರ, ಅಕ್ಕಾರ, ನೀವ್ಯಾಕ್ರಿ? ಇಳೀರಿ. ನಿಮಗ ಯಾರರೆ ಏನರೆ ಅಂದೀವೇನ್ರಿ?”

“ಅದನ್ನ ಕೇಳಾಕ ಹತ್ತೀನಿ ಮಡಿವಾಳೆಪ್ಪಾ,” ಅಂದೆ. “ಅಕ್ಕಿ ಕ್ವಾಣಿ ಕೀಲಿ ಆರು ವರ್ಷದಿಂದ ನನ್ನ ಕೊಳ್ಳಾಗ ಐತಿ. ಆಕಿಗಿಂತ ಒಂಬತ್ತು ಕಿಲೋ ಜಾಸ್ತಿ ಅದೀನಿ. ದಿನಾ ಎಲ್ಲಾರ ಮುಂದ ತಾಟಿನಾಗ ಹಾಕ್ಕೊಂಡು ಉಣತೀನಿ. ನನಗ ಯಾಕ ಯಾರೂ ಏನೂ ಅನ್ನಲಿಲ್ಲ?”

ಉತ್ತರ ಎಲ್ಲರಿಗೂ ಗೊತ್ತಿತ್ತು. ಮಡಿವಾಳೆಪ್ಪ ನೆಲ ನೋಡಿದ; ಬೇರೆ ಅಡಿಗೆಯವಳನ್ನು ನೋಡುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಗುಡದಪ್ಪ ಹೆಂಡತಿಯ ಮುಖ ನೋಡಿದ, ಆಮೇಲೆ ಅವನೂ ನೆಲ ನೋಡಿದ.

ಮೈಲಾರವ್ವ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ಉಪಕಾರದ ನೀರು ಬರುತ್ತದೆ ಅಂತ ನಾನು ಕಾದದ್ದು ಸುಳ್ಳಲ್ಲ. ಬರಲಿಲ್ಲ.

“ಇಷ್ಟ ಮಾತು ಜುಲೈದಾಗ ಆಡಿದ್ರ ಆಗತಿತ್ತಲ್ರಿ ಅಕ್ಕಾರ,” ಅಂದಳು, ಮೆಲ್ಲಗೆ. ಆಮೇಲೆ ಅನ್ನ ತಳ ಹತ್ತಿದ ವಾಸನೆ ಬಂತು ಅಂತ ಒಳಗೆ ಓಡಿದಳು.